ಬಾಳೆಹಣ್ಣು, ಬ್ರೆಡ್ಡು ಮತ್ತು ಮಗುವಿನ ಕರುಳು

ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಲೋಲಕದ ಪ್ರಯೋಗವನ್ನು ಮಾಡುವ ವಿದ್ಯಾರ್ಥಿಗಳಲ್ಲಿ ಪ್ರತಿವರ್ಷವೂ ಒಬ್ಬಿಬ್ಬರು ಒಂದೇ ತಪ್ಪನ್ನು ಮಾಡುವುದುಂಟು. ಹಗುರವಾದ ಗುಂಡನ್ನು ಬಿಚ್ಚಿ ಭಾರವಾದ ಗುಂಡನ್ನು ಕಟ್ಟುವಾಗ, ತಮಗರಿವಿಲ್ಲದೆಯೇ ದಾರದ ಉದ್ದವನ್ನೂ ಹೆಚ್ಚಿಸಿಬಿಡುತ್ತಾರೆ. ಆಂದೋಲನದ ಅವಧಿಯೂ ಹೆಚ್ಚುತ್ತದೆ. ಗುಂಡಿನ ತೂಕ ಹೆಚ್ಚಿದ್ದರಿಂದ ಅವಧಿ ಹೆಚ್ಚಿತೆಂದು ಅವರು ಬರೆದು ತರುತ್ತಾರೆ. ಅಳತೆಯಲ್ಲಿ ತಪ್ಪಿಲ್ಲ, ಗಡಿಯಾರದಲ್ಲಿಯೂ ತಪ್ಪಿಲ್ಲ. ಕಾರಣ ಮಾತ್ರ ತಪ್ಪು. ಎರಡು ವಸ್ತುಗಳನ್ನು ಒಮ್ಮೆಗೇ ಬದಲಾಯಿಸಿದಾಗ ಫಲವು ಯಾವುದರಿಂದ ಬಂದಿತೆಂದು ಹೇಳುವುದು ಹೇಗೆ?

ಕಳೆದ ವರ್ಷ ನೆರೆಮನೆಯ ಗೃಹಿಣಿಯೊಬ್ಬರು ಒಂದು ಪಟ್ಟಿಯನ್ನು ನನ್ನ ಮುಂದೆ ಹಿಡಿದಾಗ ಈ ಲೋಲಕವೇ ನೆನಪಿಗೆ ಬಂದಿತು. ಅವರ ನಾಲ್ಕು ವರ್ಷದ ಮಗನಿಗೆ ಆಗಾಗ ಹೊಟ್ಟೆನೋವು, ಹೊಟ್ಟೆಯುಬ್ಬರ, ಭೇದಿ. ಹಿತೈಷಿಗಳೊಬ್ಬರು, "ಕರುಳು ಹುಣ್ಣಾಗಿ ಸೋರುತ್ತಿದೆ, ಅದನ್ನು ಮಾಯಿಸಬೇಕು" ಎಂದು ಹೇಳಿ ಪಥ್ಯವನ್ನು ಬರೆದುಕೊಟ್ಟಿದ್ದರು. ಅಕ್ಕಿ, ರಾಗಿ, ಜೋಳ, ಗೋಧಿ, ಆಲೂಗಡ್ಡೆ, ಸಕ್ಕರೆ, ಹಾಲು, ಇವೆಲ್ಲವೂ ಎರಡು ವರ್ಷ ನಿಷಿದ್ಧ. ಮೂಳೆಯ ಸಾರು, ಮೊಟ್ಟೆ, ಜೇನುತುಪ್ಪ, ಇಡೀ ಒಂದು ದಿನ ಹುದುಗಿಸಿದ ಮೊಸರು ಮತ್ತು ಚೆನ್ನಾಗಿ ಕಳಿತ ಬಾಳೆಹಣ್ಣು ಮಾತ್ರ ಸಲ್ಲುವುವು. "ಮೇಷ್ಟ್ರೇ, ಇದರಲ್ಲಿ ವಿಜ್ಞಾನ ಎಷ್ಟಿದೆ ನೋಡಿ ಹೇಳಿ" ಎಂದು ಆಕೆ ಕೇಳಿದರು. ನಾನು ವೈದ್ಯನಲ್ಲ. ಆದರೆ ಈ ಪಟ್ಟಿಯ ವಂಶವೃಕ್ಷವನ್ನು ಹುಡುಕುತ್ತ ಹೋದಾಗ, ಸುಮಾರು ನೂರು ವರ್ಷಗಳ ಹಿಂದಿನ ಒಂದು ಸ್ವಾರಸ್ಯವಾದ ಕಥೆ ದೊರಕಿತು.

ಲಂಡನ್ನಿನ ಮಕ್ಕಳ ಆಸ್ಪತ್ರೆಯೊಂದರಲ್ಲಿ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯರು 1887ರಲ್ಲಿ ಒಂದು ಉಪನ್ಯಾಸವನ್ನು ಕೊಟ್ಟರು. ಒಂದರಿಂದ ಐದು ವರ್ಷದೊಳಗಿನ ಕೆಲವು ಮಕ್ಕಳು ಎಷ್ಟು ತಿಂದರೂ ಸೊರಗುತ್ತಾರೆ. ಕೈಕಾಲುಗಳು ಕಡ್ಡಿಯಂತಾಗಿ ಹೊಟ್ಟೆ ಮಾತ್ರ ಉಬ್ಬುತ್ತದೆ. ಮಲವು ಜಿಡ್ಡಾಗಿ, ಬಿಳಿಚಿಕೊಂಡು, ಹೇರಳವಾಗಿ ಹೋಗುತ್ತದೆ. ಈ ರೋಗಕ್ಕೆ ಸೀಲಿಯಾಕ್ ಎಂದು ಹೆಸರು. ಗುಣವಾಗುವುದಾದರೆ ಅದು ಆಹಾರದಿಂದಲೇ ಆಗಬೇಕೆಂದು ಗೀ ಊಹಿಸಿದರು. ಊಹೆ ಎಷ್ಟು ಸರಿ! ಆದರೆ ಯಾವ ಆಹಾರ? ಅವರು ಅನ್ನವನ್ನೂ ಸಾಬುದಾನವನ್ನೂ ನಿಷೇಧಿಸಿ, ತೆಳುವಾಗಿ ಕೊಯ್ದು ಎರಡೂ ಬದಿ ಚೆನ್ನಾಗಿ ಸುಟ್ಟ ಬ್ರೆಡ್ಡನ್ನು ಕೊಡಬಹುದೆಂದರು. ಇಂದು ನಮಗೆ ತಿಳಿದಿರುವಂತೆ ಇದು ಸಂಪೂರ್ಣ ತಲೆಕೆಳಗು. ನಿರಪರಾಧಿಯನ್ನು ಹೊರಗಟ್ಟಿ ಅಪರಾಧಿಯನ್ನು ಒಳಗೆ ಕೂರಿಸಿದಂತಾಯಿತು.

ಮುಂದೆ 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಎಂಬ ಮಕ್ಕಳ ವೈದ್ಯರು ಬಾಳೆಹಣ್ಣಿನ ಪಥ್ಯವನ್ನು ಪ್ರಕಟಿಸಿದರು. ಬ್ರೆಡ್ಡು, ಬಿಸ್ಕತ್ತು, ಆಲೂಗಡ್ಡೆ ಮತ್ತು ಎಲ್ಲ ಧಾನ್ಯಗಳನ್ನೂ ಬಿಡಿಸಿ, ದಿನವೂ ಹೇರಳವಾಗಿ ಬಾಳೆಹಣ್ಣನ್ನು ತಿನ್ನಿಸಿದಾಗ ಎಂಟು ಮಕ್ಕಳು ಚೇತರಿಸಿಕೊಂಡರೆಂದು ಅವರು ವರದಿಮಾಡಿದರು. ಸಾವಿನ ಅಂಚಿನಲ್ಲಿದ್ದ ಮಕ್ಕಳು ಮೈತುಂಬಿಕೊಂಡು ಓಡಾಡುವುದನ್ನು ಕಂಡ ತಾಯಂದಿರು ಹಾಸ್ ಅವರನ್ನು ದೇವರೆಂದು ಭಾವಿಸಿದ್ದರೆ ಆಶ್ಚರ್ಯವೇನಿಲ್ಲ. ಈ ಮಕ್ಕಳು ಬಾಳೆಹಣ್ಣಿನ ಶರ್ಕರಪಿಷ್ಟವನ್ನು ತಾಳಬಲ್ಲರು, ಧಾನ್ಯಗಳ ಪಿಷ್ಟವನ್ನು ತಾಳಲಾರರು ಎಂಬುದು ಅವರ ವಿವರಣೆ. ಕರುಳು ಒಮ್ಮೆ ಗುಣವಾದರೆ ಮಗು ಎಂದಿನ ಊಟಕ್ಕೆ ಮರಳಬಹುದೆಂದೂ ಅವರು ನಂಬಿದ್ದರು.

ಲೋಲಕದ ದಾರವನ್ನು ಇಲ್ಲಿ ನೆನೆಯಬೇಕು. ಹಾಸ್ ಅವರು ಬಾಳೆಹಣ್ಣನ್ನು ಸೇರಿಸಿದರು. ಜೊತೆಗೇ ಬ್ರೆಡ್ಡನ್ನು ತೆಗೆದರು. ಗುಣವಾದುದು ಯಾವುದರಿಂದ?

ಇದರ ಉತ್ತರ ಬಂದುದು ಹಾಲೆಂಡಿನಿಂದ. ಹೇಗ್ ನಗರದ ಮಕ್ಕಳ ಆಸ್ಪತ್ರೆಯಲ್ಲಿದ್ದ ವಿಲ್ಲೆಮ್ ಡಿಕೆ ಎಂಬ ವೈದ್ಯರಿಗೆ 1930ರ ದಶಕದಲ್ಲಿಯೇ ಗೋಧಿಯ ಮೇಲೆ ಸಂದೇಹವಿದ್ದಿತು. 1944-45ರ ಚಳಿಗಾಲದಲ್ಲಿ, ಜರ್ಮನ್ ಆಕ್ರಮಣದಲ್ಲಿದ್ದ ಪಶ್ಚಿಮ ಹಾಲೆಂಡಿಗೆ ಆಹಾರದ ಸರಬರಾಜು ನಿಂತಿತು. ಜನರು ಟ್ಯೂಲಿಪ್ ಹೂವಿನ ಗೆಡ್ಡೆಗಳನ್ನು ಬೇಯಿಸಿ ತಿಂದರು. ಸುಮಾರು 20,000 ಜನ ಸತ್ತರು. ಇಡೀ ನಾಡು ಹಸಿವಿನಿಂದ ಕಂಗಾಲಾಗಿದ್ದಾಗ ಸೀಲಿಯಾಕ್ ಮಕ್ಕಳು ಮಾತ್ರ ಚೇತರಿಸಿಕೊಂಡರು! ಬ್ರೆಡ್ಡು ಮತ್ತೆ ದೊರೆತಾಗ ಅವರಿಗೆ ಕಾಯಿಲೆ ಮರುಕಳಿಸಿತು. ಡಿಕೆಯವರಿಗೆ ಈ ಕ್ಷಾಮದಲ್ಲಿಯೇ ಹೊಸದಾಗಿ ಜ್ಞಾನೋದಯವಾಯಿತೆಂಬಂತೆ ಕೆಲವರು ಬರೆಯುತ್ತಾರೆ. ಅದು ಸರಿಯಲ್ಲ. ಕ್ಷಾಮವು ಹಳೆಯ ಸಂದೇಹವನ್ನು ಬಲಪಡಿಸಿತು. ಸಿದ್ಧಪಡಿಸಿದುದು ಮಾತ್ರ ಆಮೇಲಿನ ತಾಳ್ಮೆಯ ಕೆಲಸ.

ಆ ಕೆಲಸವೇನೆಂದರೆ, ಮಗುವಿನ ಉಳಿದ ಆಹಾರವನ್ನು ಹಾಗೆಯೇ ಇರಿಸಿ ಗೋಧಿಯೊಂದನ್ನು ಕೆಲಕಾಲ ಕೊಡುವುದು, ಕೆಲಕಾಲ ನಿಲ್ಲಿಸುವುದು, ಮತ್ತೆ ಕೊಡುವುದು. ಮಲದಲ್ಲಿ ವ್ಯರ್ಥವಾಗಿ ಹೋಗುವ ಕೊಬ್ಬನ್ನು ಅಳೆಯಲು ವಾನ್ ಡೆ ಕಾಮರ್ ಎಂಬ ರಸಾಯನಜ್ಞರು ಒಂದು ವಿಧಾನವನ್ನು ಕಂಡುಹಿಡಿದಿದ್ದರು. ಗೋಧಿ ಕೊಟ್ಟಾಗ ಕೊಬ್ಬಿನ ನಷ್ಟ ಏರುತ್ತಿತ್ತು, ನಿಲ್ಲಿಸಿದಾಗ ಇಳಿಯುತ್ತಿತ್ತು. ರೈ ಧಾನ್ಯದಿಂದಲೂ ಹಾಗೆಯೇ. ಅಕ್ಕಿ, ಆಲೂಗಡ್ಡೆಗಳಿಂದ ಏನೂ ಆಗಲಿಲ್ಲ. ಡಿಕೆ ಇದನ್ನೆಲ್ಲ 1950ರಲ್ಲಿ ತಮ್ಮ ಪ್ರಬಂಧದಲ್ಲಿ ಪ್ರಕಟಿಸಿದರು.

ಗೋಧಿಯಲ್ಲಿರುವ ಯಾವ ಅಂಶ ಕೆಟ್ಟದ್ದು? ಇದನ್ನು ಬೇರ್ಪಡಿಸುವ ಪ್ರಯೋಗವನ್ನು ವಾಚಕರು ಮನೆಯಲ್ಲಿಯೇ ಮಾಡಬಹುದು. ಒಂದು ಹಿಡಿ ಮೈದಾಹಿಟ್ಟನ್ನು ಕಲಸಿ ನಾದಿ ಅರ್ಧ ಗಂಟೆ ಬಿಡಿ. ಅನಂತರ ಉಂಡೆಯನ್ನು ನೀರಿನಲ್ಲಿ ಮೆಲ್ಲಗೆ ಹಿಸುಕುತ್ತ ತೊಳೆಯಿರಿ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ, ಅದು ಪಿಷ್ಟ. ಕೈಯಲ್ಲಿ ಉಳಿಯುವ, ರಬ್ಬರಿನಂತೆ ಎಳೆದರೆ ಹಿಗ್ಗುವ ಬೂದುಬಣ್ಣದ ಮುದ್ದೆ ಗ್ಲುಟೆನ್, ಅದು ಪ್ರೋಟೀನು. ಅಕ್ಕಿಹಿಟ್ಟನ್ನೋ ರಾಗಿಹಿಟ್ಟನ್ನೋ ಹೀಗೆ ತೊಳೆದರೆ ಕೈಯಲ್ಲಿ ಇಂತಹ ಮುದ್ದೆ ಉಳಿಯುವುದಿಲ್ಲ. ಚಪಾತಿ ತೆಳ್ಳಗೆ ಹಿಗ್ಗುವುದೂ, ರಾಗಿರೊಟ್ಟಿಯನ್ನು ಕೈಯಿಂದ ತಟ್ಟಲೇಬೇಕಾಗಿರುವುದೂ ಈ ಕಾರಣದಿಂದಲೇ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ವಿಜ್ಞಾನಿಗಳು 1952ರಲ್ಲಿ, ಡಚ್ ವಿಜ್ಞಾನಿಗಳು 1953ರಲ್ಲಿ, ಹೀಗೆ ಬೇರ್ಪಡಿಸಿದ ಅಂಶಗಳ ಪರಿಣಾಮವನ್ನು ಪ್ರಕಟಿಸಿದರು. ಗೋಧಿಯ ಪಿಷ್ಟದಿಂದ ಮಕ್ಕಳಿಗೆ ಕೇಡಾಗಲಿಲ್ಲ; ಗ್ಲುಟೆನ್ನಿನಿಂದ ಆಯಿತು. ಹಾಸ್ ಅವರ ಶರ್ಕರಪಿಷ್ಟವಾದವು ಇಲ್ಲಿಗೆ ಮುರಿದುಬಿದ್ದಿತು. ಬಾಳೆಹಣ್ಣು ಯಾರನ್ನೂ ಗುಣಪಡಿಸಿರಲಿಲ್ಲ. ಅದು ಬ್ರೆಡ್ಡಿನ ಜಾಗದಲ್ಲಿ ಕುಳಿತಿತ್ತು, ಅಷ್ಟೆ.

ಕೇಡು ಆಗುವುದು ಹೇಗೆ? ಸಣ್ಣ ಕರುಳಿನ ಒಳಮೈ ನುಣ್ಣಗಿಲ್ಲ. ಮಖಮಲ್ಲಿನ ಎಳೆಗಳಂತೆ ಸೂಕ್ಷ್ಮವಾದ ಬೆರಳುಗಳು ಅಲ್ಲಿ ಎದ್ದುನಿಂತಿರುತ್ತವೆ. ಈ ಮೈಯನ್ನು ಬಿಡಿಸಿ ಹಾಸಿದರೆ ಟೆನಿಸ್ ಅಂಗಳದಷ್ಟಾಗುತ್ತದೆಂದು ಬಹುಕಾಲ ಪುಸ್ತಕಗಳು ಹೇಳುತ್ತಿದ್ದವು. ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು 2014ರಲ್ಲಿ ಮತ್ತೆ ಲೆಕ್ಕಹಾಕಿದಾಗ ಅದು ಸುಮಾರು 30 ಚದರ ಮೀಟರು, ಎಂದರೆ ಒಂದು ದೊಡ್ಡ ಕೋಣೆಯ ನೆಲದಷ್ಟು, ಎಂದು ತಿಳಿದುಬಂದಿತು. ಸೀಲಿಯಾಕ್ ರೋಗದಲ್ಲಿ ಗ್ಲುಟೆನ್ನಿನ ಪೂರ್ತಿ ಜೀರ್ಣವಾಗದ ತುಣುಕುಗಳನ್ನು ದೇಹದ ರಕ್ಷಣಾವ್ಯವಸ್ಥೆಯು ಶತ್ರುವೆಂದು ಭ್ರಮಿಸಿ, ತನ್ನ ಕರುಳಿನ ಮೇಲೆಯೇ ದಾಳಿ ಮಾಡುತ್ತದೆ. ಬೆರಳುಗಳು ಸವೆದು ಚಪ್ಪಟೆಯಾಗುತ್ತವೆ. ಆಹಾರವನ್ನು ಹೀರುವ ಮೈ ಕುಗ್ಗುತ್ತದೆ. ಗ್ಲುಟೆನ್ ಬಿಟ್ಟರೆ ಅವು ಮತ್ತೆ ಬೆಳೆಯುತ್ತವೆ. ಆದರೆ ಈ ಪ್ರವೃತ್ತಿ ಹುಟ್ಟಿನಿಂದ ಬಂದ ಕೆಲವು ಜೀನುಗಳನ್ನು ಅವಲಂಬಿಸಿದೆ. ಹುಣ್ಣು ಮಾಯ್ದಂತೆ ಮಾಯುವಂಥದಲ್ಲ. ಪಥ್ಯವು ಜೀವಾವಧಿಯದು. ಕಾರಣ ತಪ್ಪಾದರೆ ಆಗುವ ನಷ್ಟವೇನೆಂಬುದು ಇಲ್ಲಿ ಕಾಣುತ್ತದೆ. ಗುಣವಾಯಿತೆಂದು ನಂಬಿ ಬ್ರೆಡ್ಡಿಗೆ ಮರಳಿದ ಮಗುವಿನ ಕರುಳು ಸದ್ದಿಲ್ಲದೆ ಮತ್ತೆ ಸವೆಯುತ್ತದೆ. ರಕ್ತಹೀನತೆ, ಟೊಳ್ಳಾದ ಮೂಳೆಗಳು ಎಷ್ಟೋ ವರ್ಷಗಳ ಮೇಲೆ ತಲೆದೋರಬಹುದು.

ವಾದ ಮುರಿದರೂ ಪಟ್ಟಿ ಸಾಯಲಿಲ್ಲ. 1950ರ ದಶಕದಲ್ಲಿ ಎಲೇನ್ ಗಾಟ್‌ಷಾಲ್ ಎಂಬ ತಾಯಿ, ದೊಡ್ಡ ಕರುಳಿನ ಹುಣ್ಣಿನಿಂದ ನರಳುತ್ತಿದ್ದ ಮಗಳನ್ನು ವೃದ್ಧ ಹಾಸ್ ಅವರ ಬಳಿಗೆ ಕರೆದೊಯ್ದರು. ಮಗಳು ಚೇತರಿಸಿಕೊಂಡಳು. ಆಕೆ ತಾವೇ ಜೀವವಿಜ್ಞಾನವನ್ನು ಓದಿ, 1987ರಲ್ಲಿ ಈ ಪಥ್ಯವನ್ನು ಕುರಿತು ಪುಸ್ತಕ ಬರೆದರು. ಆ ತಾಯಿಯ ಶ್ರದ್ಧೆಯನ್ನು ನಾನು ಗೌರವಿಸುತ್ತೇನೆ. 2004ರಲ್ಲಿ ನತಾಶಾ ಕ್ಯಾಂಬೆಲ್-ಮೆಕ್‌ಬ್ರೈಡ್ ಎಂಬುವರು ಇದನ್ನೇ ಇನ್ನಷ್ಟು ಬಿಗಿಗೊಳಿಸಿ, ಆಟಿಸಮ್ ಮೊದಲಾದವುಗಳಿಗೂ ಕರುಳನ್ನು ಮಾಯಿಸುವುದೇ ಮದ್ದೆಂದು ಸಾರಿದರು. ಇದಕ್ಕೆ ನಿಯಂತ್ರಿತ ಪ್ರಯೋಗಗಳ ಆಧಾರವಿಲ್ಲ. ನೆರೆಯವರ ಕೈಯಲ್ಲಿದ್ದ ಪಟ್ಟಿ ಈ ಕವಲಿನದು. ಗಾಟ್‌ಷಾಲ್ ಅವರ ಪಥ್ಯವನ್ನು ಕ್ರೋನ್ ಎಂಬ ಕರುಳಿನ ರೋಗವಿದ್ದ ವಯಸ್ಕರಲ್ಲಿ ಸಾಧಾರಣವಾದ ಮೆಡಿಟರೇನಿಯನ್ ಊಟದೊಡನೆ ಹೋಲಿಸಿದ ಪ್ರಯೋಗವೊಂದು 2021ರಲ್ಲಿ ಪ್ರಕಟವಾಯಿತು. ಆರು ವಾರಗಳಲ್ಲಿ ಎರಡೂ ಗುಂಪಿನವರು ಹೆಚ್ಚುಕಡಮೆ ಸಮಾನವಾಗಿಯೇ ಸುಧಾರಿಸಿದರು. ಬಿಗಿಯಾದ ಪಟ್ಟಿಗೆ ಹೆಚ್ಚಿನ ಫಲವೇನೂ ಕಾಣಲಿಲ್ಲ.

"ಫಲ ಬಾರದಿದ್ದರೆ ಹೋಗಲಿ, ಪಥ್ಯದಿಂದ ನಷ್ಟವೇನು?" ಎಂದು ಕೇಳುವವರುಂಟು. ಬೆಳೆಯುವ ಮಗುವಿಗೆ ನಷ್ಟವಿದೆ. ಧಾನ್ಯ, ಹಾಲುಗಳೆರಡೂ ಹೋದರೆ ಶಕ್ತಿಯೂ ಸುಣ್ಣದ ಅಂಶವೂ ಎಲ್ಲಿಂದ ಬರಬೇಕು? ಇಷ್ಟೇ ಅಲ್ಲದೆ, ಬಿಡುವುದರಿಂದಲೇ ಅಲರ್ಜಿ ಹುಟ್ಟುವುದೂ ಉಂಟು. ಅಲರ್ಜಿಯ ಅಪಾಯವುಳ್ಳ 640 ಶಿಶುಗಳ ಮೇಲೆ ಲಂಡನ್ನಿನಲ್ಲಿ ನಡೆದ ಪ್ರಯೋಗವು 2015ರಲ್ಲಿ ಪ್ರಕಟವಾಯಿತು. ಕಡಲೆಕಾಯಿಯನ್ನು ಐದು ವರ್ಷದವರೆಗೆ ಮುಟ್ಟದ ಮಕ್ಕಳಲ್ಲಿ ನೂರಕ್ಕೆ 17 ಮಂದಿಗೆ ಅದರ ಅಲರ್ಜಿ ಬಂದಿದ್ದಿತು. ಶೈಶವದಿಂದಲೇ ತಿಂದವರಲ್ಲಿ ಕೇವಲ 3 ಮಂದಿಗೆ. (ಅಲರ್ಜಿ ಆಗಲೇ ಇರುವ ಮಗುವಿಗೆ ಇದನ್ನು ಮನೆಯಲ್ಲಿ ಪರೀಕ್ಷಿಸಹೊರಡುವುದು ಪ್ರಾಣಾಪಾಯ.)

ಇನ್ನೊಂದು ನಷ್ಟ ಯಾರ ಕಣ್ಣಿಗೂ ಬೀಳದು. ಸೀಲಿಯಾಕ್ ರೋಗವನ್ನು ಗುರುತಿಸುವುದು ರಕ್ತದಲ್ಲಿರುವ ಕೆಲವು ಪ್ರತಿಕಾಯಗಳಿಂದ. ಮಗು ಗೋಧಿಯನ್ನು ತಿನ್ನುತ್ತಿರುವಾಗಲೇ ಪರೀಕ್ಷೆ ಆಗಬೇಕು. ಮೊದಲೇ ಪಥ್ಯ ಹಿಡಿದರೆ ಪ್ರತಿಕಾಯಗಳು ಕ್ರಮೇಣ ಮಾಯವಾಗಿ, ರೋಗವಿದ್ದರೂ ಇಲ್ಲವೆಂಬ ಉತ್ತರ ಬರಬಹುದು. ನಮ್ಮ ದೇಶದಲ್ಲಿ ಈ ರೋಗ ಗೋಧಿ ಉಣ್ಣುವ ಉತ್ತರದಲ್ಲಿಯೇ ಹೆಚ್ಚು. 2016ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಈ ಪ್ರತಿಕಾಯಗಳು ಉತ್ತರದ ವಯಸ್ಕರಲ್ಲಿ ನೂರಕ್ಕೆ 1.23ರಷ್ಟು ಮಂದಿಯಲ್ಲಿಯೂ, ದಕ್ಷಿಣದಲ್ಲಿ 0.10ರಷ್ಟು ಮಂದಿಯಲ್ಲಿಯೂ ಕಂಡುಬಂದವು. ವಿರಳವೆಂದರೆ ಇಲ್ಲವೆಂದಲ್ಲ.

ಇದಿಷ್ಟನ್ನೂ ನೆರೆಯವರಿಗೆ ಹೇಳಿ, ಪಟ್ಟಿಯನ್ನು ಪಕ್ಕಕ್ಕಿಟ್ಟು ಮಕ್ಕಳ ವೈದ್ಯರನ್ನು ಕಾಣಿರೆಂದೆ. ರಕ್ತಪರೀಕ್ಷೆ ಮೊದಲು ಆಯಿತು, ಸೀಲಿಯಾಕ್ ಇರಲಿಲ್ಲ. ಅನಂತರ ವೈದ್ಯರು ಹಾಲೊಂದನ್ನೇ ಎರಡು ವಾರ ನಿಲ್ಲಿಸಿದರು; ಉಳಿದುದೆಲ್ಲ ಎಂದಿನಂತೆ. ಭೇದಿ ನಿಂತಿತು. ಹಾಲನ್ನು ಮತ್ತೆ ಕೊಟ್ಟರು. ಮೂರನೆಯ ದಿನ ಭೇದಿ ಬಂದಿತು. ಮತ್ತೆ ನಿಲ್ಲಿಸಿದಾಗ ನಿಂತಿತು. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಒಡೆಯುವ ಕಿಣ್ವ ಈ ಹುಡುಗನಿಗೆ ಸಾಲದು. ಒಡೆಯದೆ ಉಳಿದ ಸಕ್ಕರೆಯನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಗಳು ಹುಳಿಯಿಸಿ ವಾಯುವನ್ನು ಉಂಟುಮಾಡುತ್ತವೆ. ಹುಡುಗ ಈಗ ಮುದ್ದೆಯನ್ನೂ ಚಪಾತಿಯನ್ನೂ ಉಣ್ಣುತ್ತಾನೆ. ಮೊಸರಿನಲ್ಲಿ ಆ ಸಕ್ಕರೆಯ ಒಂದು ಭಾಗ ಹೆಪ್ಪುಗಟ್ಟುವಾಗಲೇ ವ್ಯಯವಾಗಿರುವುದರಿಂದ ಮೊಸರನ್ನವೂ ಅವನಿಗೆ ಒಗ್ಗುತ್ತದೆ. ಲೋಟ ತುಂಬ ಹಾಲು ಮಾತ್ರ ಒಗ್ಗದು.