ಜಾತ್ರೆಯ ದಾರಿಯಲ್ಲಿ ಎತ್ತಿಗೆ ನೀರು

ಕಾವೇರಿಯು ತಿರುಗಿ ಹರಿಯುವ ಮುಡುಕಿನಲ್ಲಿರುವುದರಿಂದ ಮುಡುಕುತೊರೆಗೆ ಆ ಹೆಸರು ಬಂದಿತೆಂದು ಹೇಳುವುದುಂಟು. ಮಲ್ಲಿಕಾರ್ಜುನಸ್ವಾಮಿಯ ಬೆಟ್ಟದ ಅಡಿಯಲ್ಲಿ ಕೂಡುವ ದನಗಳ ಜಾತ್ರೆ ನಮ್ಮ ಸೀಮೆಯ ಒಕ್ಕಲು ಮಕ್ಕಳಿಗೆಲ್ಲ ಪರಿಚಿತವಾದುದು. ನಂಜನಗೂಡಿನ ಕಡೆಯಿಂದ ತಿರುಮಕೂಡಲು ನರಸೀಪುರದ ಮೇಲೆ ಎತ್ತುಗಳನ್ನು ನಡೆಸಿಕೊಂಡು ಬರುವವರಿಗೆ ಅದು ಎರಡು ದಿನದ ದಾರಿ. ಕಪಿಲೆ, ಕಾವೇರಿ, ನಾಲೆಗಳು ಇರುವ ಈ ದಾರಿಯಲ್ಲಿ ನೀರಿಗೆ ಬಡತನವಿಲ್ಲ. ಆದರೂ ಬಾಯಾರಿದ ಎತ್ತು ನೀರನ್ನು ಮೂಸಿ ಮುಖ ತಿರುಗಿಸುವುದುಂಟು. ಇದನ್ನು ಹಠವೆಂದು ಬಗೆದು ಬಾರುಕೋಲನ್ನು ಎತ್ತುವವರು ಪಶುವಿನ ಸ್ವಭಾವವನ್ನು ಅರಿಯದವರು.

ದನಕ್ಕೆ ಮೂಗೇ ಪರೀಕ್ಷಕ. ಮನೆಯ ಬಾನಿಯ ವಾಸನೆಗೆ ಒಗ್ಗಿದ ಎತ್ತಿಗೆ ನಲ್ಲಿನೀರಿನ ಔಷಧದ ವಾಸನೆಯಾಗಲಿ, ನೂರಾರು ದನಗಳು ತುಳಿದ ದಡದ ನೀರಾಗಲಿ ಅಪಾಯದ ಸೂಚನೆಯಾಗಿ ತೋರುತ್ತದೆ. ಕಾಲು ಜಾರುವ ದಡವಾದರೆ ಭಯ ಇಮ್ಮಡಿಸುತ್ತದೆ. ಇನ್ನೊಂದು ಕಾರಣವನ್ನು ನಾವೇ ಒಡ್ಡುತ್ತೇವೆ. ಎತ್ತು ಮುಸುಡಿಯನ್ನು ನೀರಿಗಿಟ್ಟು ತಲೆ ತಗ್ಗಿಸಿ ಹೀರುವ ಪ್ರಾಣಿ. ಮೂಗುದಾರವನ್ನು ಬಿಗಿಹಿಡಿದು "ಕುಡಿ, ಕುಡಿ" ಎಂದರೆ ಅದು ಕುಡಿಯುವುದೆಂತು?

ಕುಡಿಯದಿದ್ದರೆ ಆಗುವ ಹಾನಿ ಸಾಮಾನ್ಯವಲ್ಲ. ಬೆಳೆದ ಎತ್ತಿಗೆ ದಿನಕ್ಕೆ ಸುಮಾರು 30ರಿಂದ 50 ಲೀಟರು ನೀರು ಬೇಕು; ಬಿಸಿಲಿನಲ್ಲಿ ನಡೆದರೆ ಇನ್ನೂ ಹೆಚ್ಚು. ಹಸಿಮೇವಿನಲ್ಲಿ ಮುಕ್ಕಾಲು ಪಾಲು ನೀರೇ ಇದ್ದರೆ, ದಾರಿಗೆ ಕಟ್ಟಿಕೊಂಡ ಒಣಹುಲ್ಲಿನಲ್ಲಿ ಹತ್ತನೆಯ ಒಂದು ಪಾಲು ಮಾತ್ರ. ನೀರಿಲ್ಲದೆ ಒಣಮೇವು ಹೊಟ್ಟೆಯಲ್ಲಿ ಗಟ್ಟಿಯಾಗಿ, ಮೆಲುಕು ನಿಂತು, ಸಗಣಿ ಒಣಗುತ್ತದೆ. ಒದ್ದೆಯಾಗಿರಬೇಕಾದ ಮೂಗಿನ ತುದಿ ಒಣಗಿದ್ದರೆ, ಕುತ್ತಿಗೆಯ ಚರ್ಮವನ್ನು ಹಿಡಿದೆತ್ತಿ ಬಿಟ್ಟಾಗ ತಡವಾಗಿ ಇಳಿದರೆ, ಕಣ್ಣು ಗುಳಿಬಿದ್ದರೆ, ಪಶುವೈದ್ಯರನ್ನು ಕರೆಯುವ ಹೊತ್ತಾಯಿತೆಂದೇ ತಿಳಿಯಬೇಕು.

ಕುದುರೆಯ ವಿಷಯ ಇನ್ನೂ ಸೂಕ್ಷ್ಮ. ಅದರ ಬೆವರಿನಲ್ಲಿ ಉಪ್ಪು ಬಹಳ. ನೀರಿನೊಡನೆ ಉಪ್ಪೂ ಹೊರಟುಹೋಗುವುದರಿಂದ ರಕ್ತ ಸಾಂದ್ರವಾದುದು ಮೆದುಳಿಗೆ ಬೇಗ ತಿಳಿಯದು. ದೇಹ ಒಣಗಿದರೂ ಬಾಯಾರಿಕೆ ತೋರದು. ದೂರದ ಸವಾರಿಯವರು ಕುದುರೆಗೆ ಉಪ್ಪು ತಿನ್ನಿಸುವುದು ಇದಕ್ಕಾಗಿಯೇ. ಎತ್ತು ಕುದುರೆಯಷ್ಟು ಬೆವರದು, ಆದರೂ ಚಿಟಿಕೆ ಉಪ್ಪು ಅದಕ್ಕೂ ಹಿತ. ಮಾರುವ ದಿನ ಹೊಟ್ಟೆ ತುಂಬಿ ಕಾಣಲೆಂದು ಉಪ್ಪನ್ನು ಅತಿಯಾಗಿ ತಿನ್ನಿಸಿ ನೀರು ಕುಡಿಸುವುದು ಬೇರೆ ಮಾತು. ಅದು ಕೊಳ್ಳುವವನಿಗೂ ಮೋಸ, ಮೂಕಪ್ರಾಣಿಗೂ ಹಿಂಸೆ.

ಚಾಲುಕ್ಯ ರಾಜಪುತ್ರ ಕೀರ್ತಿವರ್ಮನು 12ನೆಯ ಶತಮಾನದ ಮೊದಲ ಭಾಗದಲ್ಲಿಯೇ ಕನ್ನಡದಲ್ಲಿ 'ಗೋವೈದ್ಯ'ವನ್ನು ಬರೆದನು. ಪಶುಪಾಲನೆಯನ್ನು ವಿದ್ಯೆಯೆಂದು ಗಣಿಸಿದ ನಾಡು ನಮ್ಮದು. ಆ ವಿದ್ಯೆಯ ಒಂದಂಶ ಇಂದಿಗೂ ನಮ್ಮ ರೈತರ ತುಟಿಯ ಮೇಲಿದೆ: ನೀರಿನ ಮುಂದೆ ಎತ್ತನ್ನು ನಿಲ್ಲಿಸಿ ಮೆಲ್ಲಗೆ ಸಿಳ್ಳು ಹಾಕುವುದು. ಸಿಳ್ಳಿನಲ್ಲಿ ಮಂತ್ರವೇನೂ ಇಲ್ಲ. ಕರುವಾಗಿದ್ದಾಗಿನಿಂದ ಕುಡಿಯುವ ಹೊತ್ತಿನಲ್ಲೆಲ್ಲ ಕೇಳಿದ ನಾದ ಅದು. ಪರಸ್ಥಳದಲ್ಲಿ ಅದೊಂದೇ ಮನೆಯ ಗುರುತು.

ಇದೇ ಉಪಾಯವನ್ನು ನೀರಿಗೂ ಹೊಂದಿಸಬಹುದು. ಹೊರಡುವ ವಾರದ ಮೊದಲೇ ಮನೆಯ ನೀರಿಗೆ ಹಿಡಿ ಬೂಸವನ್ನೋ ಕಲಗಚ್ಚನ್ನೋ ಬೆರೆಸಿ ರುಚಿ ಹತ್ತಿಸಿ, ದಾರಿಯಲ್ಲಿಯೂ ಅದನ್ನೇ ಬೆರೆಸಿದರೆ ಪರವೂರ ನೀರು ಪರಕೀಯವೆನಿಸದು. ಮನೆಯ ಬಕೆಟ್ಟನ್ನೇ ಒಯ್ಯಬೇಕು. ಜೋಡಿಯಲ್ಲಿ ಧೈರ್ಯಸ್ಥನನ್ನು ಮುಂದೆ ಬಿಟ್ಟರೆ ಮತ್ತೊಂದು ಅದನ್ನು ನೋಡಿ ಬಾಯಿಡುತ್ತದೆ. ಬಂದೊಡನೆ ಕುಡಿಯದಿದ್ದರೆ ನೆರಳಿನಲ್ಲಿ ಅರ್ಧ ಗಂಟೆ ಬಿಟ್ಟು ಮತ್ತೆ ತೋರಿಸಬೇಕು. ಬಹಳ ಹೊತ್ತು ಬಾಯಾರಿದ್ದಾದರೆ ಸ್ವಲ್ಪಸ್ವಲ್ಪವಾಗಿ ಕೊಡುವುದು ಲೇಸು. ಕರುಗಳು ಒಮ್ಮೆಲೇ ಕುಡಿದು ಮೂತ್ರ ಕೆಂಪಾಗುವುದೂ ಉಂಟು.

ಗೊಟ್ಟದ ಮಾತನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ಕುಡಿಯದ ಎತ್ತಿನ ತಲೆಯನ್ನು ಮೇಲೆತ್ತಿ, ನಾಲಗೆಯನ್ನು ಎಳೆದು, ಬಿದಿರಿನ ಗೊಟ್ಟದಿಂದ ನೀರು ಹೊಯ್ಯುವವರಿದ್ದಾರೆ. ನಾಲಗೆ ಕೈಯಲ್ಲಿದ್ದಾಗ ಪಶು ನುಂಗಲಾರದು. ನೀರು ಶ್ವಾಸನಾಳಕ್ಕೆ ಇಳಿದು ಪುಪ್ಪುಸ ಕೆಡುತ್ತದೆ. ಬಾಯಾರಿಕೆಯಿಂದ ಉಳಿಯಬಹುದಾಗಿದ್ದ ಎತ್ತು ಉಪಚಾರದಿಂದ ಸಾಯುತ್ತದೆ.

ಈಗ ಅನೇಕ ಜೋಡಿಗಳು ಲಾರಿಯಲ್ಲಿ ಬರುತ್ತವೆ. ದಾರಿ ಕಿರಿದಾಯಿತು, ಆದರೆ ನಡುವೆ ನಿಂತು ನೀರು ತೋರಿಸುವ ರೂಢಿಯೂ ತಪ್ಪಿತು. ಇಳಿದ ಎತ್ತಿನ ಕಾಲು ಇನ್ನೂ ನಡುಗುತ್ತಿರುವಾಗಲೇ ಅದನ್ನು ಹೊಳೆಗೆ ಎಳೆಯದೆ, ಮೊದಲು ಗೂಟಕ್ಕೆ ಕಟ್ಟಿ ಮೈದಡವಿ, ಮನೆಯ ಬಕೆಟ್ಟಿನಲ್ಲಿ ನೀರಿಟ್ಟು ಹಗ್ಗವನ್ನು ಸಡಿಲ ಬಿಡುವುದು ಒಳ್ಳೆಯದು.