ಜನಪದ ಸಂಗೀತದ ಬಹುಪಥ ಧ್ವನಿಮುದ್ರಣ: ಮರುಶ್ರವಣದಲ್ಲಿನ ವಿಕೃತಿ ಮತ್ತು ಅದರ ಪರಿಶೀಲನೆ

ಜನಪದ ಸಂಗ್ರಹಕಾರ್ಯವು ಬಹುಕಾಲ ಕಾಗದ ಮತ್ತು ಲೇಖನಿಗಳನ್ನೇ ಅವಲಂಬಿಸಿತ್ತು. ಟೇಪ್‌ರೆಕಾರ್ಡರ್ ಬಳಕೆಗೆ ಬಂದ ಮೇಲೆ ಪಠ್ಯದೊಂದಿಗೆ ದನಿ, ಧಾಟಿ, ಲಯಗಳೂ ದಾಖಲಾಗತೊಡಗಿದವು. ಆದರೆ ಒಂದೇ ಮೈಕ್ ಮುಂದೆ ಇಡೀ ಮೇಳವನ್ನು ಕೂರಿಸಿ ಮಾಡಿದ ಮುದ್ರಣದಲ್ಲಿ ವಾದ್ಯದ ಅಬ್ಬರಕ್ಕೆ ಸೊಲ್ಲು ಮುಚ್ಚಿಹೋಗುವುದು ಸಾಮಾನ್ಯ. ಈ ಕೊರತೆಗೆ ಉತ್ತರವಾಗಿ ಒದಗಿದ್ದು ಬಹುಪಥ ಧ್ವನಿಮುದ್ರಣ, ಅಂದರೆ ಮಲ್ಟಿಟ್ರ್ಯಾಕ್ ಪದ್ಧತಿ. ಪ್ರತಿಯೊಂದು ದನಿಯನ್ನೂ ಬೇರೆ ಬೇರೆ ಟ್ರ್ಯಾಕ್‌ನಲ್ಲಿ ಹಿಡಿದಿಟ್ಟು, ಬೇಕಾದಾಗ ಕೂಡಿಸಿ ಕೇಳುವುದು ಇದರ ಕ್ರಮ. 1957ರಲ್ಲಿ ಅಮೆರಿಕದ ಆಂಪೆಕ್ಸ್ ಸಂಸ್ಥೆಯು ಗಿಟಾರ್ ವಾದಕ ಲೆಸ್ ಪಾಲ್‌ಗೆ ಎಂಟು ಟ್ರ್ಯಾಕ್‌ಗಳ ಟೇಪ್ ಯಂತ್ರವನ್ನು ಒದಗಿಸಿದಾಗ ಅದು ಅಪರೂಪದ, ದುಬಾರಿ ಸಲಕರಣೆಯಾಗಿತ್ತು. ಇಂದು ಮನೆಯ ಕಂಪ್ಯೂಟರ್ ಮತ್ತು ಒಂದು ಆಡಿಯೊ ಇಂಟರ್‌ಫೇಸ್‌ನಿಂದ ಅದೇ ಕೆಲಸ ಸಾಧ್ಯವಾಗಿದೆ.

ಮಲೆ ಮಾದೇಶ್ವರ ಕಾವ್ಯವನ್ನು ಹಾಡುವ ಕಂಸಾಳೆ ಮೇಳವನ್ನು ಉದಾಹರಣೆಯಾಗಿ ನೋಡಬಹುದು. ಕಥನದ ಎಳೆಯನ್ನು ಹಿಡಿದು ಸಾಗುವ ಮುಖ್ಯ ಗಾಯಕ, ಸೊಲ್ಲನ್ನು ಎತ್ತಿಕೊಳ್ಳುವ ಹಿಮ್ಮೇಳ, ಕಂಸಾಳೆಯ ಲೋಹದ ಪೆಟ್ಟು, ದಮ್ಮಡಿಯ ಬಡಿತ ಇವೆಲ್ಲ ಬೇರೆ ಬೇರೆಯಾಗಿ ದಾಖಲಾದರೆ ಪಠ್ಯ ಸಂಪಾದಕನಿಗೂ ಲಯದ ಅಧ್ಯಯನಕಾರನಿಗೂ ಒಂದೇ ಮುದ್ರಣ ಆಕರವಾಗುತ್ತದೆ. ಹೀಗೆ ಮುದ್ರಿಸಿದ್ದನ್ನು ಮನೆಗೆ ತಂದು ಕೇಳುವಾಗ ಕರಕರ ಸದ್ದು, ಒಡೆದ ದನಿ, ನಡುನಡುವೆ ತುಂಡಾಗುವಿಕೆ, ಇಳಿದ ಶ್ರುತಿ ಮೊದಲಾದ ವಿಕೃತಿಗಳು ಕಾಣಿಸಿಕೊಳ್ಳುವುದುಂಟು. ವಿಕೃತಿಯು ಮುದ್ರಣದಲ್ಲೇ ಸೇರಿದೆಯೋ ಅಥವಾ ನುಡಿಸುವ ಹಂತದಲ್ಲಿ ಮಾತ್ರ ಹುಟ್ಟುತ್ತಿದೆಯೋ ಎಂಬುದೇ ಇಲ್ಲಿ ನಿರ್ಣಯವಾಗಬೇಕಾದ ಮೊದಲ ಪ್ರಶ್ನೆ. ಎರಡನೆಯದು ಸಂಪೂರ್ಣವಾಗಿ ಪರಿಹಾರವಾಗುವಂಥದು. ಮೊದಲನೆಯದು ಬಹುಮಟ್ಟಿಗೆ ಶಾಶ್ವತ. ಈ ವ್ಯತ್ಯಾಸವನ್ನು ಅರಿಯದೆ ಒಳ್ಳೆಯ ಮುದ್ರಣವನ್ನು ಕೆಟ್ಟದ್ದೆಂದು ಅಳಿಸಿಬಿಟ್ಟರೆ, ಹಾಡಿದ ಕಲಾವಿದ ಮತ್ತೆ ಹಾಡಲು ಇರುತ್ತಾನೆಂಬ ಭರವಸೆ ಇಲ್ಲ.

1. ಪರಿಶೀಲನೆಯ ಕ್ರಮ

ದನಿ ಕೆಟ್ಟ ಜಾಗವನ್ನು ಗುರುತಿಟ್ಟುಕೊಂಡು ಅದನ್ನು ಮೂರು ಬಾರಿ ಕೇಳಬೇಕು. ಪ್ರತಿ ಸಲವೂ ಅದೇ ಕ್ಷಣದಲ್ಲಿ ಅದೇ ಸದ್ದು ಬಂದರೆ ದೋಷವು ಕಡತದಲ್ಲಿ ಅಥವಾ ಟ್ರ್ಯಾಕ್‌ಗಳ ಮಿಶ್ರಣದಲ್ಲಿದೆ. ಸ್ಥಳ ಬದಲಾಗುತ್ತಿದ್ದರೆ ಕಂಪ್ಯೂಟರ್ ನುಡಿಸುವ ರೀತಿಯಲ್ಲಿದೆ. ಅನಂತರ ಉಳಿದ ಟ್ರ್ಯಾಕ್‌ಗಳನ್ನು ಮುಚ್ಚಿ ಒಂದೊಂದನ್ನೇ ಆಲಿಸಬೇಕು. ಕೊನೆಯಲ್ಲಿ ಕಡತದ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ, ಬೇರೊಂದು ಹೆಡ್‌ಫೋನ್‌ನಲ್ಲಿ ಕೇಳಬೇಕು. ಸಣ್ಣ ಸ್ಪೀಕರ್‌ಗಳು ದಮ್ಮಡಿಯ ಮಂದ್ರನಾದವನ್ನು ತಾಳಲಾರದೆ ತಾವೇ ಒಡಕು ಸದ್ದು ಮಾಡುವುದರಿಂದ ಈ ಹಂತವನ್ನು ಬಿಡುವಂತಿಲ್ಲ.

2. ಮುದ್ರಣದಲ್ಲೇ ಸೇರಿದ ಒಡಕು

ಟೇಪ್‌ನಲ್ಲಿ ದನಿಯ ಮಟ್ಟ ಮಿತಿಮೀರಿದಾಗ ವಿಕೃತಿ ಕ್ರಮೇಣ ಏರುತ್ತಿತ್ತು. ಕಿವಿ ಅದನ್ನು ಒಂದಿಷ್ಟು ಸಹಿಸುತ್ತಿತ್ತು. ಡಿಜಿಟಲ್ ಮುದ್ರಣದಲ್ಲಿ ಈ ಔದಾರ್ಯವಿಲ್ಲ. ಅಲ್ಲಿ 0 ಡೆಸಿಬಲ್ ಎಂಬುದು ಕೊನೆಯ ಗೆರೆ. ಅದಕ್ಕೆ ಮೇಲಿನ ಸಂಖ್ಯೆಯೇ ಇಲ್ಲವಾದ್ದರಿಂದ ಅಲೆಯ ತುದಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಇದನ್ನು ಕ್ಲಿಪ್ಪಿಂಗ್ ಎನ್ನುತ್ತಾರೆ. ಪರದೆಯ ಮೇಲೆ ಅಲೆಯ ಚಿತ್ರವನ್ನು ಹಿಗ್ಗಿಸಿ ನೋಡಿದರೆ ಬೆಟ್ಟದ ಶಿಖರದ ಬದಲು ಮಾಳಿಗೆಯಂಥ ಸಮತಲ ಕಾಣುತ್ತದೆ. ಕಂಸಾಳೆಯ ಪೆಟ್ಟು ಅತ್ಯಲ್ಪ ಕಾಲದಲ್ಲಿ ತಾರಕಕ್ಕೇರಿ ಇಳಿಯುವಂಥದು. ಸರಾಸರಿ ತೋರಿಸುವ ಮಾಪಕ ಅದನ್ನು ಹಿಡಿಯುವುದಿಲ್ಲ.

ಮುದ್ರಣದ ವೇಳೆ ಸರಾಸರಿ ಮಟ್ಟವನ್ನು 0ಗಿಂತ ಸುಮಾರು 18 ಡೆಸಿಬಲ್ ಕೆಳಗೂ, ಶಿಖರವನ್ನು 6ರಿಂದ 10 ಡೆಸಿಬಲ್ ಕೆಳಗೂ ಇರಿಸಿಕೊಳ್ಳುವುದು ಸುರಕ್ಷಿತ. 16 ಬಿಟ್ ಮುದ್ರಣದಲ್ಲಿ 65,536 ಮಟ್ಟಗಳಿದ್ದರೆ 24 ಬಿಟ್‌ನಲ್ಲಿ 1,67,77,216 ಮಟ್ಟಗಳಿರುವುದರಿಂದ ದನಿ ತಗ್ಗಿಸಿ ಮುದ್ರಿಸಿದರೂ ಸೂಕ್ಷ್ಮಗಳು ನಷ್ಟವಾಗುವುದಿಲ್ಲ. ಒಡಕು ಕೆಲವೊಮ್ಮೆ ಇಂಟರ್‌ಫೇಸ್‌ಗೂ ಮೊದಲೇ, ಮೈಕ್ ಅಥವಾ ಅದರ ವರ್ಧಕದಲ್ಲಿ ಹುಟ್ಟುತ್ತದೆ. ಆಗ ಅಲೆಯ ತುದಿ 0ಯನ್ನು ಮುಟ್ಟದಿದ್ದರೂ ದನಿ ಒಡೆದಿರುತ್ತದೆ. ತಂತ್ರಾಂಶದಲ್ಲಿ ಮಟ್ಟ ಇಳಿಸಿ ಪ್ರಯೋಜನವಿಲ್ಲ. ಮೈಕ್ ಅನ್ನು ದೂರವಿಡುವುದು, ವರ್ಧನೆಯನ್ನು ತಗ್ಗಿಸುವುದು ಇದಕ್ಕೆ ಇರುವ ದಾರಿ.

3. ಮಿಶ್ರಣದಲ್ಲಿ ಹುಟ್ಟುವ ಒಡಕು

ಒಂದೊಂದೇ ಟ್ರ್ಯಾಕ್ ಶುದ್ಧವಾಗಿದ್ದು, ಎಲ್ಲವನ್ನೂ ಕೂಡಿಸಿದಾಗ ಮಾತ್ರ ದನಿ ಒಡೆದರೆ ಗಾಬರಿಪಡಬೇಕಾಗಿಲ್ಲ. ಪರಸ್ಪರ ಸಂಬಂಧವಿಲ್ಲದ ಸಮಪ್ರಮಾಣದ ಎರಡು ದನಿಗಳು ಕೂಡಿದಾಗ ಸರಾಸರಿ ಮಟ್ಟ 3 ಡೆಸಿಬಲ್ ಏರುತ್ತದೆ. ಎಂಟು ದನಿಗಳು ಕೂಡಿದಾಗ ಸುಮಾರು 9. ಒಂದೇ ದನಿ ಎರಡು ಟ್ರ್ಯಾಕ್‌ಗಳಲ್ಲಿ ಏಕಕಾಲಕ್ಕೆ ಇದ್ದರೆ ಏರಿಕೆ 6 ಡೆಸಿಬಲ್. ಎಲ್ಲ ಮೈಕ್‌ಗಳಿಗೂ ಕೇಳುವ ಕಂಸಾಳೆಯ ವಿಷಯದಲ್ಲಿ ಮೊತ್ತವು ಗೆರೆ ದಾಟುವುದು ಸಹಜ. ಇಂದಿನ ಬಹುತೇಕ ತಂತ್ರಾಂಶಗಳು ಒಳಗಿನ ಲೆಕ್ಕವನ್ನು ಫ್ಲೋಟಿಂಗ್ ಪಾಯಿಂಟ್ ಪದ್ಧತಿಯಲ್ಲಿ ನಡೆಸುವುದರಿಂದ ಪ್ರಧಾನ ಮಟ್ಟವನ್ನು ಇಳಿಸಿದರೆ ಒಡಕು ಮಾಯವಾಗುತ್ತದೆ. ಆದರೆ ಮಟ್ಟ ಇಳಿಸದೆ ಅದನ್ನು 16 ಅಥವಾ 24 ಬಿಟ್ ಕಡತವಾಗಿ ಹೊರತೆಗೆದರೆ ಆ ಕಡತದಲ್ಲಿ ಒಡಕು ಸ್ಥಿರವಾಗುತ್ತದೆ.

4. ತುಂಡಾಗುವ ದನಿ

ಸ್ಥಳ ಬದಲಿಸುತ್ತ ಬರುವ ಚಟಪಟ ಸದ್ದಿಗೆ ಸಾಮಾನ್ಯ ಕಾರಣ ಬಫರ್. ಕಂಪ್ಯೂಟರ್ ದನಿಯನ್ನು ಸಣ್ಣ ಕಂತುಗಳಲ್ಲಿ ಕಳಿಸುತ್ತದೆ; ಮುಂದಿನ ಕಂತು ಸಕಾಲಕ್ಕೆ ಸಿದ್ಧವಾಗದಿದ್ದರೆ ನಡುವೆ ಬಿರುಕು ಬೀಳುತ್ತದೆ. ಸೆಕೆಂಡಿಗೆ 48,000 ಮಾದರಿಗಳ ಮುದ್ರಣದಲ್ಲಿ 256 ಮಾದರಿಗಳ ಬಫರ್ ಸುಮಾರು 5 ಮಿಲಿಸೆಕೆಂಡಿನಷ್ಟು, 1,024ರದು ಸುಮಾರು 21 ಮಿಲಿಸೆಕೆಂಡಿನಷ್ಟು ಬಿಡುವು ಕೊಡುತ್ತದೆ. ಹಾಡುವವರು ತಮ್ಮ ದನಿಯನ್ನು ಕಂಪ್ಯೂಟರಿನ ಮೂಲಕವೇ ಹೆಡ್‌ಫೋನ್‌ನಲ್ಲಿ ಕೇಳಿಕೊಳ್ಳುವಾಗ ಚಿಕ್ಕ ಬಫರ್ ಬೇಕು. ಮರುಶ್ರವಣಕ್ಕೆ ದೊಡ್ಡದೇ ಸೂಕ್ತ. ಇಂಟರ್‌ಫೇಸ್‌ಗೆಂದೇ ರೂಪಿತವಾದ ಚಾಲಕ ತಂತ್ರಾಂಶವನ್ನು, ವಿಂಡೋಸ್‌ನಲ್ಲಾದರೆ ಏಸಿಯೊ ಚಾಲಕವನ್ನು, ಬಳಸುವುದು, ಅನಗತ್ಯ ತಂತ್ರಾಂಶಗಳನ್ನು ಮುಚ್ಚುವುದು, ವೈರ್‌ಲೆಸ್ ಸಂಪರ್ಕವನ್ನು ನಿಲ್ಲಿಸುವುದು ಫಲಕಾರಿ. ಮುದ್ರಣ ನಡೆಯುವಾಗಲೇ ಇಂಥ ಬಿರುಕು ಬಿದ್ದಿದ್ದರೆ ಮಾತ್ರ ಅದು ಕಡತದಲ್ಲಿ ಉಳಿದು ಪ್ರತಿ ಸಲವೂ ಅದೇ ಜಾಗದಲ್ಲಿ ಕೇಳಿಸುತ್ತದೆ.

5. ಇಳಿದ ಶ್ರುತಿ

ಸಂಶೋಧಕರನ್ನು ಅತಿಹೆಚ್ಚು ದಾರಿತಪ್ಪಿಸುವ ದೋಷವಿದು. ಕಿವಿಗೆ ಒಡಕಾಗಿ ಕೇಳಿಸದಿರುವುದೇ ಅದಕ್ಕೆ ಕಾರಣ. ಅಡಕ ಮುದ್ರಿಕೆಯ ಮಾದರಿ ದರ ಸೆಕೆಂಡಿಗೆ 44,100. ವಿಡಿಯೊ ಕ್ಷೇತ್ರದಲ್ಲಿ ರೂಢಿಯಾದದ್ದು 48,000. 48,000ದಲ್ಲಿ ಮುದ್ರಿಸಿದ್ದನ್ನು 44,100ರ ವೇಗದಲ್ಲಿ ನುಡಿಸಿದರೆ 10 ನಿಮಿಷದ ಹಾಡು 10 ನಿಮಿಷ 53 ಸೆಕೆಂಡಿಗೆ ಹಿಗ್ಗುತ್ತದೆ. ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನದಷ್ಟು ಇಳಿಯುತ್ತದೆ. ಗಾಯಕನ ಆಧಾರಶ್ರುತಿ, ನಡೆಯ ವೇಗಗಳ ಬಗ್ಗೆ ಇಂಥ ಮುದ್ರಣದಿಂದ ತೆಗೆದ ನಿರ್ಣಯಗಳೆಲ್ಲ ತಪ್ಪಾಗುತ್ತವೆ. ಯೋಜನೆ, ಇಂಟರ್‌ಫೇಸ್ ಮತ್ತು ಕಂಪ್ಯೂಟರ್ ಈ ಮೂರರ ದರವೂ ಒಂದೇ ಆಗಿರಬೇಕು.

6. ವಿಕೃತಿಯಲ್ಲದ ವಿಕೃತಿ

ಯಂತ್ರದ ದೋಷವೆಂದು ತೋರುವ ಎಲ್ಲವೂ ದೋಷವಲ್ಲ. ಎಲ್ಲಮ್ಮನ ಪರಂಪರೆಯ ಚೌಡಿಕೆಯಲ್ಲಿ ತಂತಿ ಮತ್ತು ಚರ್ಮ ಒಟ್ಟಾಗಿ ಕಂಪಿಸುವುದರಿಂದ ಹುಟ್ಟುವ ಗುಂಯ್‌ಗುಡುವಿಕೆ, ತಂಬೂರಿಯ ಝೇಂಕಾರ, ಗಗ್ಗರದ ಕಿರುನಾದ, ಇರುಳಿಡೀ ಹಾಡಿದ ಕಂಠದ ಒರಟುತನ ಇವು ಆಯಾ ಪರಂಪರೆಯ ನಾದಗುಣಗಳು. ವಾದ್ಯದ ಪರಿಚಯವಿಲ್ಲದ ತಂತ್ರಜ್ಞ ಇವನ್ನು ಸದ್ದೆಂದು ಶೋಧಿಸಿ ತೆಗೆದರೆ ಉಳಿಯುವುದು ಚೌಡಿಕೆಯಲ್ಲದ ಚೌಡಿಕೆ. ಆದ್ದರಿಂದ ಮುದ್ರಣ ಮುಗಿದೊಡನೆ, ಊರು ಬಿಡುವ ಮುನ್ನ, ಕಲಾವಿದರಿಗೇ ಅದನ್ನು ಕೇಳಿಸಬೇಕು. ತಮ್ಮ ವಾದ್ಯ ಹಾಗೆ ನುಡಿಯುತ್ತದೆಯೇ ಇಲ್ಲವೇ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ತಪ್ಪಿದ್ದರೆ ಮತ್ತೆ ಹಾಡಿಸಲು ಅವಕಾಶವಿರುವುದೂ ಆಗಲೇ.

ಒಟ್ಟಿನಲ್ಲಿ, ಮೂಲ ಕಡತವನ್ನು ಯಾವ ಕಾರಣಕ್ಕೂ ತಿದ್ದಬಾರದು, ಅಳಿಸಬಾರದು. ಕತ್ತರಿಸಿಹೋದ ಅಲೆಯನ್ನು ಪುನಾರಚಿಸುವ ತಂತ್ರಾಂಶಗಳಿದ್ದರೂ ಅವು ತುಂಬುವುದು ಗಣಿತದ ಊಹೆಯನ್ನೇ ಹೊರತು ಗಾಯಕನ ದನಿಯನ್ನಲ್ಲ. ದುರಸ್ತಿಯೇನಿದ್ದರೂ ಪ್ರತಿಯ ಮೇಲೆ ನಡೆಯಬೇಕು. ನಡೆದದ್ದು ಬರಹದಲ್ಲಿ ದಾಖಲಾಗಬೇಕು. ಮಾದರಿ ದರ, ಬಿಟ್ ಪ್ರಮಾಣ, ಯಾವ ಟ್ರ್ಯಾಕ್‌ನಲ್ಲಿ ಯಾರು, ಯಾವ ವಾದ್ಯ ಎಂಬ ವಿವರಗಳು ಕಡತದ ಜೊತೆಗೇ ಇರಬೇಕು. ಧ್ವನಿ ದಾಖಲಾಗಾರಗಳ ಅಂತಾರಾಷ್ಟ್ರೀಯ ಸಂಘವು ತನ್ನ ಮಾರ್ಗಸೂಚಿಯಲ್ಲಿ 48,000 ಮಾದರಿ, 24 ಬಿಟ್‌ಗಳನ್ನು ಕನಿಷ್ಠವೆಂದು ಸೂಚಿಸಿದೆ. ಈ ಮಟ್ಟದಲ್ಲಿ ಎಂಟು ಟ್ರ್ಯಾಕ್‌ಗಳ ಒಂದು ಗಂಟೆಯ ಮುದ್ರಣಕ್ಕೆ ಬೇಕಾಗುವ ಜಾಗ ಸುಮಾರು 4.15 ಗಿಗಾಬೈಟ್ ಮಾತ್ರ. ಜಾಗದ ಕೊರತೆಯನ್ನು ಮುಂದೊಡ್ಡಿ ಮೂಲವನ್ನು ತೊರೆಯಲು ಇಂದು ಸಕಾರಣವಿಲ್ಲ. ಇಂದಿನ ಕಿವಿಗೆ ದೋಷವೆನಿಸಿದ್ದರಲ್ಲಿ ನಾಳಿನ ಅಧ್ಯಯನಕಾರನಿಗೆ ಮುಖ್ಯವಾದ ಮಾಹಿತಿ ದೊರೆಯಬಹುದು. ಅದಕ್ಕೆ ಮೂಲವು ಇದ್ದಂತೆಯೇ ಉಳಿದಿರಬೇಕು.