ಕಪ್ಪಗಿದ್ದರೆ ಕೆಟ್ಟ ರಕ್ತವೇ?

ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ ಸಕ್ಕರೆ ಪರೀಕ್ಷೆಗೆ ಕೈಯೊಡ್ಡಿದ್ದ ಅಜ್ಜಿಯೊಬ್ಬರು, ಸಿರಿಂಜಿಗೆ ಏರುತ್ತಿದ್ದ ರಕ್ತ ನೋಡಿ ಗಾಬರಿಯಾದರು. "ಎಷ್ಟು ಕಪ್ಪಗೈತೆ ನೋಡಮ್ಮ, ರಕ್ತ ಎಲ್ಲಾ ಕೆಟ್ಟೋಗೈತೆ."

ಅದು ಅವರೊಬ್ಬರ ತಪ್ಪಲ್ಲ. ಅಪಧಮನಿಯಲ್ಲಿ ಶುದ್ಧ ರಕ್ತ, ಅಭಿಧಮನಿಯಲ್ಲಿ ಅಶುದ್ಧ ರಕ್ತ ಎಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ದಾರಿ ತಪ್ಪಿಸಿದ್ದು ಆ 'ಅಶುದ್ಧ' ಎಂಬ ಪದ. ಸುಮ್ಮನೆ ಕೂತವರ ಅಭಿಧಮನಿ ರಕ್ತದಲ್ಲೂ ಆಮ್ಲಜನಕದ ಮುಕ್ಕಾಲು ಪಾಲು ಹಾಗೇ ಉಳಿದಿರುತ್ತದೆ. 100 ಮಿ.ಲೀ. ಅಭಿಧಮನಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 52 ಮಿ.ಲೀ.; 'ಶುದ್ಧ' ರಕ್ತದಲ್ಲೂ 48! ಶ್ವಾಸಕೋಶದಲ್ಲಿ ಇಳಿಯುವುದು ಆ 4 ಮಾತ್ರ. ಉಳಿದದ್ದು ರಕ್ತದ ಆಮ್ಲ-ಕ್ಷಾರದ ಹದ ಕಾಯಲು ಬೇಕೇ ಬೇಕು.

ತರಕಾರಿ ಇಳಿಸಿದ ಟೆಂಪೊ ಅದೇ ಜಾಗದಲ್ಲಿ ಖಾಲಿ ಕ್ರೇಟು ತುಂಬಿಕೊಂಡು ಊರಿಗೆ ಮರಳುವಂತೆ, ಹಿಮೋಗ್ಲೋಬಿನ್ ಆಮ್ಲಜನಕ ಇಳಿಸಿ ಅದೇ ಜಾಗದಲ್ಲಿ ಇಂಗಾಲದ ಡೈಆಕ್ಸೈಡ್ ಹೇರಿಕೊಳ್ಳುತ್ತದೆ ಎಂದೂ ಹಲವರು ನಂಬಿದ್ದಾರೆ. ಹಾಗಿಲ್ಲ. ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಹೋಗುವುದು ಸುಮಾರು ಶೇ. 20ರಷ್ಟೇ, ಅದೂ ಆಮ್ಲಜನಕ ಕೂರುವ ಕಬ್ಬಿಣದ ಮೇಲಲ್ಲ, ಪ್ರೋಟೀನಿನ ತುದಿಯಲ್ಲಿ. ಇನ್ನೊಂದಿಷ್ಟು ಸೋಡಾದಲ್ಲಿ ಗ್ಯಾಸ್ ಕರಗಿರುವಂತೆ ರಕ್ತದಲ್ಲಿ ಕರಗಿರುತ್ತದೆ. ಸುಮಾರು ಶೇ. 70ರಷ್ಟು ಸಾಗುವುದು ಬೈಕಾರ್ಬೊನೇಟ್ ಆಗಿ.

ಈ ಕೆಲಸ ನಡೆಯುವುದು ಕೆಂಪು ರಕ್ತಕಣದೊಳಗೆ. ಅಲ್ಲಿ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ, ಸತುವನ್ನು ಒಡಲಲ್ಲಿಟ್ಟುಕೊಂಡ ಕಿಣ್ವವಿದೆ. ಅದರ ಒಂದೇ ಒಂದು ಅಣು ಸೆಕೆಂಡಿಗೆ ಹತ್ತು ಲಕ್ಷದಷ್ಟು ಇಂಗಾಲದ ಡೈಆಕ್ಸೈಡ್ ಅಣುಗಳನ್ನು ನೀರಿನೊಂದಿಗೆ ಕೂಡಿಸಬಲ್ಲದು. ಹುಟ್ಟಿದ ಬೈಕಾರ್ಬೊನೇಟ್ ಪ್ಲಾಸ್ಮಾಕ್ಕೆ ಹೊರಟರೆ ಬದಲಿಗೆ ಕ್ಲೋರೈಡ್ ಒಳಬರುತ್ತದೆ. ಜೊತೆಗೆ ಹುಟ್ಟಿದ ಆಮ್ಲವನ್ನು, ಅಂದರೆ ಹೈಡ್ರೋಜನ್ ಅಯಾನನ್ನು, ಹಿಮೋಗ್ಲೋಬಿನ್ ಹಿಡಿದಿಟ್ಟುಕೊಳ್ಳುತ್ತದೆ. ಶ್ವಾಸಕೋಶದಲ್ಲಿ ಆಮ್ಲಜನಕ ಬಂದು ಕೂತೊಡನೆ ಅದು ಆ ಹಿಡಿತ ಸಡಿಲಿಸುತ್ತದೆ. ಆಮ್ಲ ಬೈಕಾರ್ಬೊನೇಟನ್ನು ಸೇರಿ ಅನಿಲ ಮತ್ತೆ ಹೊರಬೀಳುತ್ತದೆ. ಒಂದು ಚಿಟಿಕೆ ಅಡುಗೆ ಸೋಡಾಕ್ಕೆ ನಿಂಬೆಹಣ್ಣು ಹಿಂಡಿ ನೋಡಿ. ಬುಸ್ಸೆಂದು ನೊರೆ ಏಳುತ್ತದಲ್ಲ, ಹೆಚ್ಚುಕಡಿಮೆ ಅದೇ ಕ್ರಿಯೆ ಪ್ರತಿ ಉಸಿರಿಗೂ ಎದೆಯೊಳಗೆ ಸದ್ದಿಲ್ಲದೆ ನಡೆಯುತ್ತಿದೆ.

ಅಜ್ಜಿಯ ರಕ್ತ ಕಪ್ಪಾಗಿ ಕಂಡದ್ದಕ್ಕೆ ಇಂಗಾಲದ ಡೈಆಕ್ಸೈಡ್ ಕಾರಣವಲ್ಲ. ಆಮ್ಲಜನಕ ಇಳಿಸಿದ ಹಿಮೋಗ್ಲೋಬಿನ್ನಿನ ಬಣ್ಣವೇ ಕಡುಗೆಂಪು.

ನಿಜಕ್ಕೂ ಹೆದರಬೇಕಾದ ಅನಿಲ ಬೇರೆ ಇದೆ, ಕಾರ್ಬನ್ ಮೊನಾಕ್ಸೈಡ್. ಚಳಿಗೆಂದು ಬಾಗಿಲು ಕಿಟಕಿ ಮುಚ್ಚಿ, ಕೆಂಡದ ಬಾಣಲೆ ಪಕ್ಕದಲ್ಲಿಟ್ಟು ಮಲಗುವವರ ಉಸಿರಿಗೆ ಸೇರುವುದು ಅದು. ಆಮ್ಲಜನಕ ಕೂರುವ ಕಬ್ಬಿಣದ ಮೇಲೇ ಅದು ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಕಚ್ಚಿಕೊಳ್ಳುತ್ತದೆ. ಆಗ ರಕ್ತ ಕಪ್ಪಾಗುವುದಿಲ್ಲ, ಕೆಂಪಗೆ ಹೊಳೆಯುತ್ತದೆ.